ಅಜ್ಜ ಹುಟ್ಟಿದ್ದು ಮಾಪುಸಾದಲ್ಲಿ, ದಾಖಲೆ ಲಿಸ್ಬನ್‌ನಲ್ಲಿ

ಪ್ರಶ್ನೆ: ನಮ್ಮ ತಾಯಿಯ ತಂದೆ 1934ರಲ್ಲಿ ಗೋವಾದ ಮಾಪುಸಾದಲ್ಲಿ ಹುಟ್ಟಿದವರು. ಗೋವಾ ಬಿಡುಗಡೆಯಾದ ಮೇಲೆ ಬೆಳಗಾವಿಗೆ ಬಂದು ಬೇಕರಿಯಲ್ಲಿ ಕೆಲಸ ಹಿಡಿದರು, ಇಲ್ಲೇ ತೀರಿಕೊಂಡರು. ನಮ್ಮ ಸೋದರಮಾವ ಅಜ್ಜನ ಜನನವನ್ನು ಲಿಸ್ಬನ್‌ನಲ್ಲಿ ನೋಂದಣಿ ಮಾಡಿಸಿ ಪೋರ್ಚುಗೀಸ್ ಪಾಸ್‌ಪೋರ್ಟ್ ಪಡೆದಿದ್ದಾರೆ. ಮನೆ ಪಾಲಿನ ಜಗಳದಿಂದ ಈಗ ಮಾತಿಲ್ಲ, ಕಾಗದವನ್ನೂ ಕೊಡುವುದಿಲ್ಲ. ಆ ದಾಖಲೆ ತರಿಸುವುದು ಹೇಗೆ? ನನಗೂ ಪೌರತ್ವ ಸಿಗುತ್ತದೆಯೇ? ಲಂಡನ್‌ನಲ್ಲಿ ಕೆಲಸ ಮಾಡುವ ಆಸೆ. ಏಜೆಂಟ್ ಒಬ್ಬರು ಜಾಸ್ತಿ ದುಡ್ಡು ಕೇಳುತ್ತಿದ್ದಾರೆ.
– ಓದುಗ, ಟಿಳಕವಾಡಿ

ಉತ್ತರ: ಮಾವ ಮಾತಾಡದಿದ್ದರೆ ಬಿಡಿ. ಲಿಸ್ಬನ್‌ನ ನೋಂದಣಿ ಅವರ ಸ್ವಂತ ಆಸ್ತಿಯೇನಲ್ಲ. ಪೋರ್ಚುಗಲ್‌ನಲ್ಲಿ ಜನನ ದಾಖಲೆಯ ನಕಲನ್ನು ಸಾಮಾನ್ಯವಾಗಿ ಯಾರು ಬೇಕಾದರೂ ಕೇಳಬಹುದು. ಗೋವಾದವರ ನೋಂದಣಿ ನಡೆಯುವುದು ‘ಕನ್ಸರ್ವತೋರಿಯಾ ದೋಸ್ ರೆಜಿಸ್ತೋಸ್ ಸೆಂತ್ರಾಯ್ಸ್’ ಎಂಬ ಕಚೇರಿಯಲ್ಲಿ. ಅಲ್ಲಿಗೆ ಬರೆದು ಕೇಳಬಹುದು, ಸರ್ಕಾರದ ‘ಸಿವಿಲ್ ಆನ್‌ಲೈನ್’ ಸೇವೆಯಲ್ಲೂ ಕೇಳಬಹುದು. ಅಜ್ಜನ ಪೂರ್ತಿ ಹೆಸರು, ಹುಟ್ಟಿದ ತಾರೀಖು, ಅವರ ತಂದೆ-ತಾಯಿಯ ಹೆಸರು ಬೇಕು. ನೋಂದಣಿ ಸಂಖ್ಯೆ ಮತ್ತು ವರ್ಷ ಗೊತ್ತಿದ್ದರೆ ಹುಡುಕಾಟ ಬೇಗ ಮುಗಿಯುತ್ತದೆ. ಅತ್ತೆಯ ಜೊತೆ ಮಾತಿದ್ದರೆ ಆ ಸಂಖ್ಯೆಯನ್ನಷ್ಟೇ ಕೇಳಿ ನೋಡಿ.

ಆದರೆ ನಾನಾಗಿದ್ದರೆ ಲಿಸ್ಬನ್‌ಗೆ ಬರೆಯುವ ಮೊದಲು ಮಾಪುಸಾಕ್ಕೆ ಹೋಗುತ್ತಿದ್ದೆ. ಚೋರ್ಲಾ ಘಾಟ್ ಇಳಿದರೆ ಆಯಿತಲ್ಲ. ಬಾರ್ದೇಶ್ ತಾಲೂಕಿನ ಸಿವಿಲ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಜ್ಜನ ಜನನದ ‘ತೆಯೋರ್’ ಬೇಕೆಂದು ಕೇಳಿ. ಪೋರ್ಚುಗೀಸರ ಕಾಲದ ಪುಸ್ತಕದಲ್ಲಿ ಇರುವುದನ್ನು ಪೂರ್ತಿ ಇಳಿಸಿ ಕೊಡುವ ನಕಲು ಅದು. ಅಲ್ಲಿ ಸಿಗದಿದ್ದರೆ ಪಣಜಿಯ ಪತ್ರಾಗಾರದಲ್ಲಿ ವಿಚಾರಿಸಿ, ಹಳೆಯ ಪುಸ್ತಕಗಳು ಅಲ್ಲಿವೆ.

ಇದು ಯಾಕೆ ಬೇಕು? ಹೆಸರಿಗಾಗಿ. ನೋಟರಿಯಾಗಿ ಇಂಥ ಕಾಗದಗಳನ್ನು ನೋಡುತ್ತಲೇ ಇರುತ್ತೇನೆ. ಗೋವಾದ ಪುಸ್ತಕದಲ್ಲಿ ‘ಫ್ರಾನ್ಸಿಸ್ಕೊ’ ಅಂತ ಇರುವ ಮನುಷ್ಯ ಮಗಳ ಶಾಲೆ ದಾಖಲೆಯಲ್ಲಿ ‘ಫ್ರಾನ್ಸಿಸ್’, ರೇಷನ್ ಕಾರ್ಡಿನಲ್ಲಿ ಬರೀ ‘ಎಫ್’. ನಾಯಕ್ ಎಂಬ ಅಡ್ಡಹೆಸರು ಅಲ್ಲಿ ‘ಕೆ’ ಬಿಟ್ಟು ಕೊನೆಗೆ ‘ಕ್ಯೂ, ಯು, ಇ’ ಹಚ್ಚಿಕೊಂಡಿರುತ್ತದೆ. ಕಾಮತರು ‘ಕಾಮೋತಿಂ’ ಆಗಿರುತ್ತಾರೆ. ಇಬ್ಬರೂ ಒಬ್ಬರೇ ಅಂತ ನಮಗೆ ಗೊತ್ತು, ಲಿಸ್ಬನ್‌ನ ಗುಮಾಸ್ತನಿಗೆ ಹೇಗೆ ಗೊತ್ತಾಗಬೇಕು? ಜೊತೆಗೆ ನಮ್ಮ ಬೆಳಗಾವಿ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿತ್ತಲ್ವಾ, ಇಲ್ಲಿನ ಹಳೆ ಕಾಗದ ಎಷ್ಟೋ ಮರಾಠಿಯಲ್ಲಿವೆ. ತೆಯೋರ್ ಕೈಯಲ್ಲಿದ್ದರೆ ಯಾವುದನ್ನು ತಿದ್ದಿಸಬೇಕೆಂದು ತಿಳಿಯುತ್ತದೆ.

ನಿಮಗೆ ಸಿಗುತ್ತದೆಯೇ ಅಂದರೆ, ದಾರಿ ತಾಯಿಯ ಮೂಲಕ. ಗೋವಾ ಬಿಡುಗಡೆಯಾದ 1961ರ ಡಿಸೆಂಬರ್ 19ಕ್ಕಿಂತ ಮೊದಲು, ಅಂದರೆ ಪೋರ್ಚುಗೀಸರ ಆಳ್ವಿಕೆಯಲ್ಲಿ, ಗೋವಾದಲ್ಲಿ ಹುಟ್ಟಿದ್ದು ಅಜ್ಜ; ಹಕ್ಕು ಶುರುವಾಗುವುದು ಅವರಿಂದ. ಆದ್ದರಿಂದ ಮೊದಲು ತಾಯಿಯ ಜನನ ಅಲ್ಲಿ ನೋಂದಣಿಯಾಗಬೇಕು, ಆಮೇಲೆ ನಿಮ್ಮದು. ಅಜ್ಜ-ಅಜ್ಜಿಯ ಮದುವೆ, ತಾಯಿಯ ಮದುವೆಯ ದಾಖಲೆಗಳನ್ನೂ ಕೇಳುತ್ತಾರೆ. ತಾಯಿಯ ಜನನ ಪಾಲಿಕೆಯ ಪುಸ್ತಕದಲ್ಲಿ ಇಲ್ಲದಿದ್ದರೆ ಮ್ಯಾಜಿಸ್ಟ್ರೇಟ್ ಆದೇಶದ ಮೇಲೆ ತಡವಾಗಿ ಮಾಡಿಸಬಹುದು, ಆದರೆ ತಡವಾದ ನೋಂದಣಿಗೆ ಅಲ್ಲಿ ಪ್ರಶ್ನೆಗಳು ಬರುತ್ತವೆ. ಇಲ್ಲಿನ ಪ್ರಮಾಣಪತ್ರಗಳಿಗೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್, ಅಂದರೆ ಕಾಗದ ಅಸಲಿ ಎಂದು ಬೇರೆ ದೇಶಕ್ಕೆ ದೃಢೀಕರಿಸುವ ಮುದ್ರೆ ಬೇಕು, ಪೋರ್ಚುಗೀಸ್ ಅನುವಾದವೂ ಬೇಕು. ಒಂದು ಮಾತು: ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ! ನಮ್ಮ ಜನ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಝೆರಾಕ್ಸ್ ಅಂಗಡಿಗೆ ಓಡುತ್ತಾರೆ. ಆ ಪ್ಲಾಸ್ಟಿಕ್ ಮೇಲೆ ಯಾರು ಮುದ್ರೆ ಒತ್ತುತ್ತಾರೆ?

ಲಂಡನ್ ವಿಷಯ. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದಿದೆ. 2020ರ ಕೊನೆಯೊಳಗೆ ಅಲ್ಲಿ ನೆಲೆಸಿದವರಿಗೆ ಸಿಕ್ಕ ಅನುಕೂಲ ಈಗ ಹೊಸದಾಗಿ ಹೋಗುವವರಿಗೆ ಇಲ್ಲ. ಪೋರ್ಚುಗೀಸ್ ಪಾಸ್‌ಪೋರ್ಟ್ ಇದ್ದರೂ ಅಲ್ಲಿ ಕೆಲಸಕ್ಕೆ ವೀಸಾ ಬೇಕು. ಲಿಸ್ಬನ್, ಪ್ಯಾರಿಸ್, ಬರ್ಲಿನ್ ಆದರೆ ಅಡ್ಡಿಯಿಲ್ಲ. ಏಜೆಂಟ್ ಇದನ್ನು ಹೇಳಿದ್ದಾರೋ?

ಇನ್ನೊಂದನ್ನು ಅವರು ಖಂಡಿತ ಹೇಳಿರುವುದಿಲ್ಲ. ಭಾರತದಲ್ಲಿ ಎರಡು ಪೌರತ್ವ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ನಮ್ಮದು ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ‘ಸುಮ್ನೆ ಲಿಸ್ಬನ್‌ನಲ್ಲಿ ಹೆಸರು ಹಾಕಿಸಿಡೋಣ, ಪಾಸ್‌ಪೋರ್ಟ್ ಆಮೇಲೆ ನೋಡೋಣ’ ಅನ್ನುವವರಿದ್ದಾರೆ. ಆ ನೋಂದಣಿಯಿಂದಲೇ ಗೋವಾದಲ್ಲಿ ಬಹಳ ಜನ ತೊಡಕಿಗೆ ಸಿಕ್ಕಿದ್ದಾರೆ, ಹಾಗಾಗಿ ನಾನು ಒಪ್ಪುವುದಿಲ್ಲ. ಭಾರತೀಯ ಮೂಲದ ವಿದೇಶಿ ಪೌರರಿಗೆ ನಮ್ಮ ಸರ್ಕಾರ ಕೊಡುವ ಒಸಿಐ ಕಾರ್ಡ್ ಸಿಕ್ಕರೂ ಮತ ಹಾಕುವಂತಿಲ್ಲ, ಹೊಲ ಕೊಳ್ಳುವಂತಿಲ್ಲ. ತಂದೆಯಿಂದ ಬಂದ ಹೊಲ ಇಟ್ಟುಕೊಳ್ಳಬಹುದು. ನಿಮ್ಮ ತಾಯಿಯೂ ತಮ್ಮ ಪೌರತ್ವ ಬಿಟ್ಟರಷ್ಟೇ ನಿಮ್ಮ ಸರದಿ ಬರುತ್ತದೆ. ಅವರನ್ನು ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಏಜೆಂಟ್‌ಗೆ ಮುಂಗಡ ಕೊಡಬೇಡಿ, ಮೂಲ ಕಾಗದಗಳನ್ನಂತೂ ಕೊಡಲೇಬೇಡಿ. ತೆಯೋರ್ ಸಿಕ್ಕ ಮೇಲೆ ತಾಯಿಯ ಜನನ ಪತ್ರದ ಪ್ರತಿಯ ಜೊತೆ ಮತ್ತೆ ಬರೆಯಿರಿ, ಯಾವ ಹೆಸರು ಎಲ್ಲಿ ತಿದ್ದಿಸಬೇಕೆಂದು ನೋಡಿ ಹೇಳುತ್ತೇನೆ.