ಅಣ್ಣನ ಕಾಯಿಲೆ ತಂಗಿಯ ಮದುವೆಗೆ ಅಡ್ಡಿಯೇ? ಮನೋವೈದ್ಯರ ಉತ್ತರ

ಮುಂಬಯಿ, ಪುಣೆ, ಗೋವಾದ ಕನ್ನಡಿಗರಿಂದ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಬರೆದವರ ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಉಡುಪಿ ಕಡೆಯ ಕುಟುಂಬ, ಈಗ ಡೊಂಬಿವಲಿಯಲ್ಲಿದ್ದೇವೆ. ಅಣ್ಣನಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ಹುಟ್ಟುವ ಮನೋರೋಗ, ಶುರುವಾಯಿತು. ಊರಿನಲ್ಲಿ ಪ್ರಶ್ನೆ ಇಡಿಸಿದಾಗ ನಾಗದೋಷ ಎಂದರು. ಆಶ್ಲೇಷಾ ಬಲಿ ಮಾಡಿಸಿದೆವು. ಈಗ ಮಾತ್ರೆ ತೆಗೆದುಕೊಂಡು ಅಪ್ಪನ ಅಂಗಡಿಯಲ್ಲಿ ಕೂರುವಷ್ಟು ಸುಧಾರಿಸಿದ್ದಾನೆ. ನನಗೆ 29 ವರ್ಷ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ವಿಷಯ ತಿಳಿದು, ‘ಇದು ರಕ್ತದಲ್ಲೇ ಇರುವ ಕಾಯಿಲೆ’ ಎಂದು ಹಿಂದೆ ಸರಿದರು. ಅಮ್ಮ ಎಲ್ಲವೂ ತನ್ನಿಂದಲೇ ಆಯಿತೆಂದು ಕೊರಗುತ್ತಾಳೆ. ನನಗೂ ನನ್ನ ಮಕ್ಕಳಿಗೂ ಇದು ಬರುತ್ತದೆಯೇ, ಡಾಕ್ಟರೇ?

ಉತ್ತರ: ಲೆಕ್ಕದಿಂದಲೇ ಆರಂಭಿಸುತ್ತೇನೆ. ನಿಮ್ಮ ಮನೆಗೆ ಬಂದು ಹೋದವರು ಲೆಕ್ಕ ತಿಳಿಯದೆ ತೀರ್ಪು ಕೊಟ್ಟಿದ್ದಾರೆ. ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಸ್ಕಿಜೋಫ್ರೇನಿಯಾ ಬರುತ್ತದೆ. ಒಡಹುಟ್ಟಿದವರಿಗೆ ಇದ್ದರೆ ಆ ಸಂಖ್ಯೆ ನೂರಕ್ಕೆ ಎಂಟು, ಒಂಬತ್ತರ ಆಸುಪಾಸಿಗೆ ಏರುತ್ತದೆ. ಸೋದರಮಾವನಿಗೆ ಇದ್ದರೆ, ಅಂದರೆ ನಾಳೆ ನಿಮಗೆ ಹುಟ್ಟುವ ಮಕ್ಕಳ ವಿಷಯದಲ್ಲಿ, ನೂರಕ್ಕೆ ಮೂರರಷ್ಟು. ಉಳಿದ ತೊಂಬತ್ತೇಳು ಮಕ್ಕಳಿಗೆ ಬರುವುದಿಲ್ಲ. ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನವರೆಗೆ, ಹೆಂಗಸರಲ್ಲಿ ಕೆಲವು ವರ್ಷ ತಡವಾಗಿ. ಆ ಅಪಾಯದ ವರ್ಷಗಳಲ್ಲಿ ಹಲವನ್ನು ನೀವು ಆರೋಗ್ಯವಾಗಿಯೇ ದಾಟಿ ಬಂದಿದ್ದೀರಿ.

‘ರಕ್ತದಲ್ಲೇ ಇದೆ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ಅದು ಇಷ್ಟು ನೋಯಿಸುತ್ತದೆ. ವಂಶವಾಹಿಗಳ ಪಾತ್ರ ದೊಡ್ಡದು, ನಿಜ. ಆದರೆ ಒಂದೇ ಅಂಡದಿಂದ ಹುಟ್ಟಿದ, ವಂಶವಾಹಿಗಳು ಒಂದೇ ಆಗಿರುವ ಅವಳಿಗಳನ್ನು ನೋಡಿ. ಒಬ್ಬನಿಗೆ ಕಾಯಿಲೆ ಇದ್ದಾಗ ಇನ್ನೊಬ್ಬನಿಗೂ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಂದರ್ಭಗಳಲ್ಲಿ. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 76,000ಕ್ಕೂ ಹೆಚ್ಚು ರೋಗಿಗಳ ವಂಶವಾಹಿಗಳನ್ನು ಜಾಲಾಡಿ, ಈ ಕಾಯಿಲೆಯೊಂದಿಗೆ ನಂಟಿರುವ 287 ತಾಣಗಳನ್ನು ಗುರುತಿಸಿತು. ಒಂದೊಂದರ ಪಾಲು ಸಾಸಿವೆಯಷ್ಟು. ಅವುಗಳಲ್ಲಿ ಹಲವು ನನ್ನಲ್ಲೂ ಇವೆ, ಎದ್ದುಹೋದ ಆ ಗಂಡಿನ ಕಡೆಯವರಲ್ಲೂ ಇವೆ.

ಹಾಗಾದರೆ ಚೆನ್ನಾಗಿ ಓದಿಕೊಂಡಿದ್ದ ಹುಡುಗನಿಗೆ ಇಪ್ಪತ್ತೆರಡಕ್ಕೇ ಏಕೆ ಬಂತು ಎಂದು ನಿಮ್ಮ ಅಮ್ಮ ಕೇಳಬಹುದು. ಹದಿಹರೆಯದಲ್ಲಿ ಮೆದುಳು ತನ್ನ ಹೆಚ್ಚುವರಿ ನರಸಂಪರ್ಕಗಳನ್ನು ಕತ್ತರಿಸಿ ಹಾಕುತ್ತದೆ. ಊರಿನಲ್ಲಿ ಮಲ್ಲಿಗೆ ಗಿಡದ ಗೆಲ್ಲು ಸವರುವುದನ್ನು ಅವರು ನೋಡಿಯೇ ಇರುತ್ತಾರೆ. ಹದವಾಗಿ ಸವರಿದರೆ ಗಿಡ ಹೂವಿಗೆ ನಿಲ್ಲುತ್ತದೆ, ಮಿತಿಮೀರಿದರೆ ಸೊರಗುತ್ತದೆ. ಯಾವ ಸಂಪರ್ಕವನ್ನು ಕತ್ತರಿಸಬೇಕೆಂದು ಗುರುತು ಹಾಕುವ ಕೆಲಸದಲ್ಲಿ ಸಿ4 ಎಂಬ ಪ್ರೋಟೀನಿಗೂ ಪಾಲಿದೆ. ಅದರ ಒಂದು ಬಗೆ ಹೆಚ್ಚು ತಯಾರಾಗುವವರಲ್ಲಿ ಸ್ಕಿಜೋಫ್ರೇನಿಯಾದ ಸಾಧ್ಯತೆ ತುಸು ಹೆಚ್ಚು ಎಂದು 2016ರಲ್ಲಿ ತಿಳಿಯಿತು. ಇಡೀ ಕಾಯಿಲೆಯನ್ನು ಇದೊಂದೇ ವಿವರಿಸುವುದಿಲ್ಲ. ಆದರೂ ಕಾಯಿಲೆ ಆ ವಯಸ್ಸಿಗೇ ಏಕೆ ತಲೆಯೆತ್ತುತ್ತದೆ ಎಂಬುದಕ್ಕೆ ಸಿಕ್ಕಿರುವ ಒಳ್ಳೆಯ ಸುಳಿವು ಇದು.

ಇನ್ನು ಅಮ್ಮನ ಕೊರಗು. ಅದನ್ನು ಓದಿ ನನಗೆ ನಾಚಿಕೆಯಾಯಿತು, ಏಕೆಂದರೆ ಆ ಆರೋಪವನ್ನು ಹಿಂದೊಮ್ಮೆ ನನ್ನ ವೃತ್ತಿಯವರೇ ಹೊರಿಸಿದ್ದರು. ತಾಯಿಯ ನಡವಳಿಕೆಯೇ ಮಕ್ಕಳಲ್ಲಿ ಈ ಕಾಯಿಲೆ ಹುಟ್ಟಿಸುತ್ತದೆ ಎಂಬ ವಾದ 1948ರಿಂದ ಎರಡು ಮೂರು ದಶಕಗಳ ಕಾಲ ಅಮೆರಿಕದ ಮನೋವೈದ್ಯರ ನಡುವೆ ಚಲಾವಣೆಯಲ್ಲಿತ್ತು. ಮಗನನ್ನು ಆಸ್ಪತ್ರೆಗೆ ಕರೆತಂದ ತಾಯಿ ಅಪರಾಧಿಯಾಗಿ ಮನೆಗೆ ಮರಳುತ್ತಿದ್ದಳು. ಆ ವಾದಕ್ಕೆ ಆಧಾರವಿಲ್ಲ. ಈ ಸಾಲನ್ನು ದಯವಿಟ್ಟು ಅಮ್ಮನ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಿ ಹೇಳಿ.

ನಿಮ್ಮಂಥ ಆರೋಗ್ಯವಂತ ತಂಗಿಯಂದಿರ ರಕ್ತಕ್ಕೆ ಸಂಶೋಧನೆಯಲ್ಲಿ ಎಷ್ಟು ಬೆಲೆಯಿದೆ ಎಂಬುದನ್ನೂ ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಸೇರಿ 2016ರಲ್ಲಿ ಒಂದು ಯೋಜನೆ ಆರಂಭಿಸಿದರು. ಒಂದಕ್ಕಿಂತ ಹೆಚ್ಚು ಮಂದಿಗೆ ಮನೋರೋಗವಿರುವ ಕುಟುಂಬಗಳಿಂದ ರಕ್ತ ಪಡೆದು, ಆ ಕೋಶಗಳನ್ನು ಆಕರಕೋಶಗಳಾಗಿ (ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಕೋಶಗಳಾಗಿ) ಬದಲಿಸಿ, ಗಾಜಿನ ತಟ್ಟೆಯಲ್ಲಿ ನರಕೋಶಗಳನ್ನು ಬೆಳೆಸುತ್ತಾರೆ. ಬದುಕಿರುವ ಮನುಷ್ಯನ ಮೆದುಳನ್ನು ತೆರೆದು ನೋಡಲಾಗದು. ಅವನದೇ ವಂಶವಾಹಿಗಳಿರುವ ನರಕೋಶ ಹೇಗೆ ಬೆಳೆಯುತ್ತದೆ, ಹೇಗೆ ಮಿಡಿಯುತ್ತದೆ ಎಂಬುದನ್ನು ಮಾತ್ರ ಹೀಗೆ ನೋಡಬಹುದು. ಪಕ್ಕದಲ್ಲಿ ಅದೇ ಮನೆಯ ಆರೋಗ್ಯವಂತರ ಕೋಶಗಳನ್ನು ಇಟ್ಟು ಹೋಲಿಸಿದಾಗಲೇ ವ್ಯತ್ಯಾಸ ತಿಳಿಯುವುದು. ‘ರಕ್ತದಲ್ಲೇ ಇದೆ’ ಎಂದು ಎದ್ದುಹೋದವರಿಗೆ ಆ ರಕ್ತದಿಂದ ಏನೇನು ಕಲಿಯುತ್ತಿದ್ದಾರೆ ಎಂಬುದು ಗೊತ್ತಿಲ್ಲ.

ಮುಂದಿನ ಸಂಬಂಧ ಬಂದಾಗಲೂ ಮುಚ್ಚಿಡಬೇಡಿ. ಅಣ್ಣನ ಒಪ್ಪಿಗೆ ಪಡೆದು, ಹುಡುಗನನ್ನೂ ಅವನ ತಂದೆತಾಯಿಯನ್ನೂ ಒಮ್ಮೆ ಅಣ್ಣನ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಮದುವೆಯ ಗಡಿಬಿಡಿಯಲ್ಲಿ ಬಂಧುಗಳ ಕಣ್ಣಿಗೆ ಬೀಳಬಾರದೆಂದು ಅಣ್ಣನ ಮಾತ್ರೆ ಅಡಗಿಸಿಟ್ಟು ನಾಲ್ಕು ದಿನ ತಪ್ಪಿಸುವ ಮನೆಗಳನ್ನು ಕಂಡಿದ್ದೇನೆ. ನೀವು ಹಾಗೆ ಮಾಡಬೇಡಿ. ನಾಗನಿಗೆ ಸಲ್ಲಿಸುವ ಸೇವೆ ನಿಮ್ಮ ನಂಬಿಕೆ, ಅದಕ್ಕೆ ನನ್ನ ತಕರಾರಿಲ್ಲ. ಪೂಜೆ ಮುಗಿಯಲಿ ಎಂದು ಚಿಕಿತ್ಸೆಯನ್ನು ಮುಂದೂಡಿದರೆ ಮಾತ್ರ ತಕರಾರಿದೆ, ಏಕೆಂದರೆ ಮೊದಲ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ.

ಪ್ರಶ್ನೆ: ಅಪ್ಪ ಪಿಂಪ್ರಿಯ ಕಾರ್ಖಾನೆಯಿಂದ ನಿವೃತ್ತರು, 63 ವರ್ಷ. ಉನ್ಮಾದವೂ ಖಿನ್ನತೆಯೂ ಬಂದು ಹೋಗುವ ಬೈಪೋಲಾರ್ ಕಾಯಿಲೆಗೆ 14 ವರ್ಷಗಳಿಂದ ಲಿಥಿಯಂ ತೆಗೆದುಕೊಳ್ಳುತ್ತಿದ್ದಾರೆ, ಚೆನ್ನಾಗಿದ್ದಾರೆ. ಈ ಆಷಾಢದಲ್ಲಿ ಆಳಂದಿಯಿಂದ ಪಂಢರಪುರಕ್ಕೆ ವಾರಿಯ ಪಾದಯಾತ್ರೆ ನಡೆಯುತ್ತೇನೆ ಎನ್ನುತ್ತಾರೆ. ‘ಬರೀ ಉಪ್ಪಿನ ಮಾತ್ರೆ, ಒಂದು ತಿಂಗಳು ಬಿಟ್ಟರೆ ಏನಾಗುತ್ತದೆ’ ಎಂಬುದು ಅವರ ವಾದ.

ಉತ್ತರ: ಉಪ್ಪು ಎಂಬುದು ನಿಜ. ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಗಿನಿಪಿಗ್‌ಗಳಿಗೆ ಲಿಥಿಯಂ ಲವಣ ಚುಚ್ಚಿದಾಗ ಅವು ಮಂಕಾಗಿ ಮಲಗಿದವು. ಆತ ಮೊದಲು ತಾನೇ ಅದನ್ನು ಸೇವಿಸಿ ನೋಡಿ, ನಂತರ ಉನ್ಮಾದದ ರೋಗಿಗಳಿಗೆ ಕೊಟ್ಟು, 1949ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದ ಮೊದಲ ರೋಗಿ ಕೆಲವೇ ತಿಂಗಳಲ್ಲಿ ಮನೆಗೆ ಹೋಗಿ ಕೆಲಸಕ್ಕೂ ಸೇರಿದ. ಮಾತ್ರೆ ಬಿಟ್ಟಾಗ ಕಾಯಿಲೆ ಮರುಕಳಿಸಿತು. ಮತ್ತೆ ಶುರುಮಾಡಿದ ಮೇಲೆ ಕೊನೆಗೆ ಲಿಥಿಯಂ ನಂಜೇರಿಯೇ ತೀರಿಕೊಂಡ. ರಕ್ತದಲ್ಲಿ ಅದರ ಪ್ರಮಾಣವನ್ನು ಅಳೆಯುತ್ತ ಔಷಧ ಕೊಡುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ನಿಮ್ಮ ಅಪ್ಪ ತಿಳಿಯಬೇಕಾದ ಎರಡೂ ಸಂಗತಿ ಆ ಒಬ್ಬ ಮನುಷ್ಯನ ಕಥೆಯಲ್ಲಿವೆ.

ಲಿಥಿಯಂ ಅನ್ನು ಹೊರಹಾಕುವುದು ಮೂತ್ರಪಿಂಡ. ದೇಹದಲ್ಲಿ ನೀರು ಮತ್ತು ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ವಾರಿಯ ದಿನಚರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ: ದಿನವಿಡೀ ನಡಿಗೆ, ಬೆವರು, ಏಕಾದಶಿಯ ಉಪವಾಸ, ಎಲ್ಲೋ ಕುಡಿದ ನೀರಿನಿಂದ ಭೇದಿ, ಮಂಡಿನೋವಿಗೆ ಯಾರೋ ಕೊಟ್ಟ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಮಾತ್ರೆ. ಈ ನೋವಿನ ಮಾತ್ರೆಗಳೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಸಾಮಾನ್ಯವಾಗಿ ಮಟ್ಟವನ್ನು ರಕ್ತದ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇಡುತ್ತೇವೆ. 1.5 ದಾಟಿದರೆ ನಂಜು, ವಯಸ್ಸಾದವರಲ್ಲಿ ಅದಕ್ಕೂ ಮೊದಲೇ. ಕೈ ಜೋರಾಗಿ ನಡುಗುವುದು, ವಾಂತಿ, ನಾಲಿಗೆ ತೊದಲುವುದು, ಹೆಜ್ಜೆ ತಪ್ಪುವುದು ಅದರ ಲಕ್ಷಣಗಳು. ದಿಂಡಿಯಲ್ಲಿ (ವಾರಿಯ ತಂಡದಲ್ಲಿ) ಜೊತೆಗಿದ್ದವರು ದಣಿವು ಎಂದುಕೊಂಡು ಮಲಗಿಸಿಬಿಡುತ್ತಾರೆ. ಹಾಗೆ ಕಂಡರೆ ಮಾತ್ರೆ ತಡೆದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಆ ಭಯಕ್ಕೆ ಮೊದಲೇ ಮಾತ್ರೆ ಬಿಟ್ಟು ಹೊರಟರೆ? ಏಕಾಏಕಿ ಬಿಟ್ಟಾಗಲೇ ಉನ್ಮಾದ ಅತಿ ಬೇಗ ಮರುಕಳಿಸುತ್ತದೆ, ಅದೂ ನಿದ್ದೆಗೆಡುವ ಪ್ರಯಾಣದಲ್ಲಿ. ಈಗಲೇ ಅವರ ವೈದ್ಯರನ್ನು ಕಂಡು ಲಿಥಿಯಂ, ಮೂತ್ರಪಿಂಡ, ಥೈರಾಯ್ಡ್ ಮೂರನ್ನೂ ಪರೀಕ್ಷಿಸಿಕೊಳ್ಳಲಿ. ಲಿಥಿಯಂ ಪರೀಕ್ಷೆಗೆ ಹಿಂದಿನ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ರಕ್ತದೊತ್ತಡದ ಮಾತ್ರೆ ಇದ್ದರೆ ಅದನ್ನೂ ವೈದ್ಯರಿಗೆ ತೋರಿಸಲಿ. ನನ್ನನ್ನು ಕೇಳಿದರೆ ಇಡೀ ವಾರಿಗಿಂತ ಕೊನೆಯ ಎರಡು ದಿನದ ನಡಿಗೆ ಸಾಕು. ನೋವಿಗೆ ಪ್ಯಾರಸಿಟಮಾಲ್ ಮಾತ್ರ. ‘ನಾನು ಲಿಥಿಯಂ ತೆಗೆದುಕೊಳ್ಳುತ್ತೇನೆ’ ಎಂದು ಮರಾಠಿಯಲ್ಲಿ ಬರೆದ ಚೀಟಿ ಜೇಬಿನಲ್ಲಿರಲಿ.

ಪ್ರಶ್ನೆ: ಮಾಟುಂಗದ ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದೇನೆ. ಖಿನ್ನತೆಗೆ ಐದು ತಿಂಗಳಿಂದ ಮಾತ್ರೆ ನಡೆಯುತ್ತಿದೆ. ಎರಡು ತಿಂಗಳಿಂದ ಆರಾಮವಾಗಿದ್ದೇನೆ. ಮೆದುಳಿನಲ್ಲಿ ಸೆರೊಟೊನಿನ್ ಎಂಬ ರಾಸಾಯನಿಕ ಕಡಿಮೆಯಾಗಿ ಖಿನ್ನತೆ ಬರುತ್ತದೆ ಎಂಬುದೇ ಸುಳ್ಳು, ಮಾತ್ರೆ ಕಂಪನಿಗಳ ಮೋಸ ಎಂದು ಮೊಬೈಲಿನಲ್ಲಿ ಓದಿದೆ. ನಿಲ್ಲಿಸಿಬಿಡಲೇ?

ಉತ್ತರ: ನಿಲ್ಲಿಸಬೇಡಿ. ನೀವು ಓದಿದ್ದು 2022ರ ಒಂದು ವಿಮರ್ಶೆಯ ವಿಷಯ. ಸೆರೊಟೊನಿನ್ ಕಡಿಮೆಯಾದ್ದರಿಂದಲೇ ಖಿನ್ನತೆ ಬರುತ್ತದೆ ಎನ್ನಲು ಗಟ್ಟಿಯಾದ ಪುರಾವೆ ಇಲ್ಲ ಎಂದು ಅದು ಹೇಳಿತು. ಆ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಅದರಿಂದ ಮಾತ್ರೆ ನಿಷ್ಪ್ರಯೋಜಕ ಎಂದಾಗುವುದಿಲ್ಲ. ಮಳೆ ಬಂದದ್ದು ಕೊಡೆಯ ಕೊರತೆಯಿಂದಲ್ಲ, ಆದರೂ ಕೊಡೆ ನಿಮ್ಮನ್ನು ನೆನೆಯದಂತೆ ಕಾಯುತ್ತದೆ. 522 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ, ಪರೀಕ್ಷಿಸಿದ 21 ಔಷಧಗಳೂ ಔಷಧವಿಲ್ಲದ ಹುಸಿಮಾತ್ರೆಗಿಂತ ಹೆಚ್ಚು ಗುಣ ಕೊಟ್ಟವು. ಗುಣದ ಅಂತರ ಸಾಧಾರಣ, ಆದರೆ ನಿಜವಾದದ್ದು.

ಆ ಕೊರತೆಯ ವಾದ ಹುಟ್ಟಿದ ಕಥೆಗೆ ನಿಮ್ಮ ಹೋಟೆಲಿನಿಂದ ಹೆಚ್ಚು ದೂರವಿಲ್ಲದ ಪರೇಲಿನ ಕೆಇಎಂ ಆಸ್ಪತ್ರೆಯ ನಂಟೂ ಇದೆ. ಅಲ್ಲಿನ ಹೃದಯತಜ್ಞ ರುಸ್ತಮ್ ಜಾಲ್ ವಕೀಲ್ ನಮ್ಮ ಕಾಡಿನ ಸರ್ಪಗಂಧದ ಬೇರನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು 1949ರಲ್ಲಿ ಬರೆದ ಲೇಖನ ಲೋಕದ ಕಣ್ಣು ತೆರೆಸಿತು. ಆ ಬೇರಿನಿಂದ ಬೇರ್ಪಡಿಸಿದ ರೆಸರ್ಪಿನ್ ಮನೋರೋಗಕ್ಕೂ ಬಳಕೆಯಾಯಿತು, ಜೊತೆಗೆ ಕೆಲವರನ್ನು ಖಿನ್ನತೆಗೂ ದೂಡುತ್ತದೆ ಎಂಬ ವರದಿಗಳೂ ಬಂದವು. ಅದು ಮೆದುಳಿನ ಸೆರೊಟೊನಿನ್ ದಾಸ್ತಾನನ್ನು ಬರಿದು ಮಾಡುತ್ತದೆ ಎಂದು 1955ರಲ್ಲಿ ಗೊತ್ತಾಯಿತು. ಇತ್ತ ಕ್ಷಯರೋಗಕ್ಕೆ ಕೊಟ್ಟ ಐಪ್ರೊನಿಯಾಜಿಡ್ ಎಂಬ ಔಷಧದಿಂದ ಕೆಲವು ರೋಗಿಗಳು ಅನಿರೀಕ್ಷಿತವಾಗಿ ಗೆಲುವಾದರು. ಎರಡನ್ನೂ ಜೋಡಿಸಿ ಕೊರತೆಯ ಊಹೆ ಕಟ್ಟಿದರು. ಊಹೆ ಸಡಿಲವಾಯಿತು, ಔಷಧಗಳು ಉಳಿದವು. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ನರಕೋಶಗಳ ನಡುವೆ ಸೆರೊಟೊನಿನ್ ಏರುತ್ತದೆ, ಮನಸ್ಸು ಹಗುರಾಗಲು ಮಾತ್ರ ವಾರಗಳು ಬೇಕು. ನರಕೋಶಗಳು ಹೊಸ ಸಂಪರ್ಕ ಬೆಳೆಸಿಕೊಳ್ಳಲು ಹಿಡಿಯುವ ಸಮಯ ಅದಿರಬೇಕು ಎಂಬ ದಿಕ್ಕಿನಲ್ಲಿ ಈಗ ಹುಡುಕಾಟ ನಡೆದಿದೆ.

ಮೊದಲ ಬಾರಿಯ ಖಿನ್ನತೆಯಾದರೆ, ಪೂರ್ತಿ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ವೈದ್ಯರ ಜೊತೆ ಕೂತು ಹಂತಹಂತವಾಗಿ ಇಳಿಸುವುದು ವಾಡಿಕೆ. ನಿಮಗೆ ಎರಡೇ ತಿಂಗಳಾಗಿದೆ.

ಪ್ರಶ್ನೆ: ನಾವು ವಿಜಯಪುರದ ಕಡೆಯವರು, ವಾಸ್ಕೋದಲ್ಲಿ ಕಟ್ಟಡದ ಕೆಲಸ. ಹೆಂಡತಿಗೆ ಮೂರು ತಿಂಗಳಿಂದ ಮಂಕು, ಊಟ ನಿದ್ದೆ ಇಲ್ಲ. ತಲೆಯ ಸ್ಕ್ಯಾನ್, ಜೀನ್ ಪರೀಕ್ಷೆ ಮಾಡಿಸಿದರೆ ಕಾಯಿಲೆ ಗೊತ್ತಾಗುತ್ತದೆ ಎನ್ನುತ್ತಾರೆ. ಸಾಲ ಮಾಡಲೇ?

ಉತ್ತರ: ಸಾಲ ಮಾಡಬೇಡಿ. ಖಿನ್ನತೆಯನ್ನು ಪತ್ತೆಮಾಡುವ ಸ್ಕ್ಯಾನ್ ಆಗಲಿ ಜೀನ್ ಪರೀಕ್ಷೆಯಾಗಲಿ ಇಂದಿಗೂ ಇಲ್ಲ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಬಿ12 ಇವನ್ನು ನೋಡಿಸಿ, ಏಕೆಂದರೆ ಇವುಗಳಲ್ಲಿ ಏರುಪೇರಾದರೂ ಮಂಕು ಕವಿಯುತ್ತದೆ. ಸ್ಕ್ಯಾನ್ ಬೇಕಾಗುವುದು ಫಿಟ್ಸ್, ತೀವ್ರ ತಲೆನೋವು, ಜ್ವರದೊಂದಿಗೆ ದಿನಗಳಲ್ಲೇ ನಡತೆ ಬದಲಾದಂಥ ಸಂದರ್ಭಗಳಲ್ಲಿ.

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರುಮಾಡಿ. ಗೋವಾದ ಇಂಥ ಕೇಂದ್ರಗಳಲ್ಲೇ ಸಂಗಾತ್ ಸಂಸ್ಥೆ ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರು ಆರೆಂಟು ಬಾರಿ ಕೂತು ಮಾತನಾಡಿಸಿದ್ದರಿಂದಲೇ ತೀವ್ರ ಖಿನ್ನತೆ ಇಳಿಯಿತು. ಮಾತಿನ ಚಿಕಿತ್ಸೆಯೂ ಅದೇ ಮೆದುಳಿನ ಮೇಲೆಯೇ ಕೆಲಸ ಮಾಡುತ್ತದೆ. ಮಾತ್ರೆ ಬೇಕಾದರೆ ಬಾಂಬೋಳಿಯ ಸರ್ಕಾರಿ ಮನೋವೈದ್ಯಕೀಯ ಸಂಸ್ಥೆಯಿದೆ. ಹೆಂಡತಿಗೆ ಕೊಂಕಣಿ, ಹಿಂದಿ ಬಾರದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಹಗಲಿರುಳೂ ಸಿಗುತ್ತದೆ, ಕನ್ನಡದಲ್ಲೂ ಮಾತನಾಡುತ್ತಾರೆ. ಮೊದಲು ನೀವು ಮಾತನಾಡಿ, ಆಮೇಲೆ ಫೋನನ್ನು ಅವರ ಕೈಗೆ ಕೊಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ. ಸಾಯಬೇಕು ಎಂಬ ಮಾತು ಅವರ ಬಾಯಿಂದ ಬಂದಿದ್ದರೆ ನಾಳೆಗೆ ಕಾಯದೆ ಇವತ್ತೇ ಬಾಂಬೋಳಿಗೆ ಕರೆದುಕೊಂಡು ಹೋಗಿ.