ಕೌಪ್ಲಾಂಟ್ ಲೇಖನ ಈಗಿರುವಂತೆ ಪ್ರಕಟವಾಗದು

ನಮಸ್ಕಾರ,

ನೀವು ಕಳಿಸಿದ ‘ಕೌಪ್ಲಾಂಟ್ ಸಾಕಿ, ಲಕ್ಷಾಧೀಶರಾಗಿ’ ಲೇಖನ ಓದಿದೆವು. ‘ದಿ ಸಿಮ್ಸ್ 4’ ಎಂಬ ಕಂಪ್ಯೂಟರ್ ಆಟದಲ್ಲಿ ಮನೆಯಂಗಳದಲ್ಲೇ ಕೌಪ್ಲಾಂಟ್ ಎಂಬ ಆಳು ನುಂಗುವ ಗಿಡ ಬೆಳೆಸಿ, ಅದನ್ನು ನೋಡಲು ಬಂದವರಿಂದ ದುಡ್ಡು ವಸೂಲು ಮಾಡುವ ವ್ಯಾಪಾರ. ವಿಷಯ ಸೊಗಸಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಲೇಖನ ಮಾತ್ರ ಈಗಿರುವಂತೆ ಪ್ರಕಟವಾಗದು. ಇದನ್ನು ಓದಿ ಯಾರಾದರೂ ಇವತ್ತು ರಾತ್ರಿ ಆಟ ತೆರೆದು ಕೂತರೆ ಗಿಡವೂ ಏಳುವುದಿಲ್ಲ, ಗಿರಾಕಿಯೂ ನಿಲ್ಲುವುದಿಲ್ಲ. ಲಾಭ ಬರೆದಿದ್ದೀರಿ, ಕೆಲಸ ಬರೆದಿಲ್ಲ.

ಮೊದಲ ನಾಲ್ಕು ಪ್ಯಾರಾ ಹೊಡೆದುಹಾಕಿ. ಸಿಮ್ಸ್ ಅಂದರೇನು, ಜನ ಯಾಕೆ ಆಡುತ್ತಾರೆ ಎಂಬುದೆಲ್ಲ ಈ ಲೇಖನ ತೆರೆಯುವವರಿಗೆ ಗೊತ್ತಿರುವುದೇ. ಆ ಜಾಗದಲ್ಲಿ ಬರಬೇಕಾದದ್ದು ಯಾವ ಪ್ಯಾಕ್ (ಮೂಲ ಆಟಕ್ಕೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಭಾಗ) ಬೇಕು ಎಂಬ ಮಾಹಿತಿ. ಮೂಲ ಆಟ 2022ರ ಅಕ್ಟೋಬರ್‌ನಿಂದ ಉಚಿತ. ಹಾಗಾಗಿ ಅದೊಂದನ್ನೇ ಇಟ್ಟುಕೊಂಡವರು ಬಹಳ ಮಂದಿ. ಅವರು ಕೌಪ್ಲಾಂಟ್ ಬೆಳೆಸಬಹುದು, ಟಿಕೆಟ್ ಮಾರಲಾಗದು. ಮನೆಯನ್ನೇ ವ್ಯಾಪಾರದ ಜಾಗ ಮಾಡಿ ಪ್ರವೇಶ ಶುಲ್ಕ ಹಾಕುವ ಸೌಲಭ್ಯ ಬಂದದ್ದು 2025ರ ಮಾರ್ಚ್‌ನಲ್ಲಿ, ‘ಬಿಸಿನೆಸಸ್ ಅಂಡ್ ಹಾಬೀಸ್’ ಪ್ಯಾಕ್ ಜೊತೆಗೆ. ಅದಕ್ಕೂ ಮುಂಚಿನ ‘ಗೆಟ್ ಟು ವರ್ಕ್’ ಅಂಗಡಿಗೆ ಮನೆ ಬಿಟ್ಟು ಬೇರೆಯದೇ ಜಾಗ ಕೊಳ್ಳಬೇಕು. ಇಷ್ಟನ್ನು ಮೂರು ಸಾಲಲ್ಲಿ ಮೊದಲೇ ಹೇಳಿಬಿಡಿ; ಅರ್ಧ ದಾರಿಯಲ್ಲಿ ಗೊತ್ತಾದರೆ ಓದುಗರು ನಿಮ್ಮನ್ನು ಬೈದುಕೊಳ್ಳುತ್ತಾರೆ.

ಐದನೇ ಪ್ಯಾರಾದಲ್ಲಿ ಎರಡು ಆಟ ಕಲಸಿಹೋಗಿವೆ. ಗಂಟೆಗಿಷ್ಟು ಎಂದು ವಸೂಲು ಮಾಡುವ, ನೀವು ಬಣ್ಣಿಸಿರುವ ಆ ಟಿಕೆಟ್ ಯಂತ್ರ 2006ರ ‘ಓಪನ್ ಫಾರ್ ಬಿಸಿನೆಸ್’ನದು, ಅಂದರೆ ಸಿಮ್ಸ್ 2ರದು. ಹಳೆಯ ಮಾಹಿತಿ ಎಲ್ಲಿಂದಲೋ ಎತ್ತಿಕೊಂಡದ್ದು ಎದ್ದು ಕಾಣುತ್ತದೆ. ನಿಮ್ಮ ಪರದೆಯ ಮೇಲೆ ಕಾಣುವುದನ್ನು ಮಾತ್ರ ಬರೆಯಿರಿ.

ಇನ್ನು ಗಿಡ. ಕೌಪ್ಲಾಂಟ್ ಹುಟ್ಟುವುದು ಕೌಬೆರಿ ಎಂಬ ಹಣ್ಣಿನಿಂದ. ‘ಕೌಬೆರಿ ಸಂಪಾದಿಸಿ ನೆಡಿ’ ಅಂತ ಒಂದೇ ವಾಕ್ಯ. ಇಡೀ ಲೇಖನದ ಬೆವರು ಇರುವುದೇ ಅಲ್ಲಿ! ಕಸಿ ಕಟ್ಟಲು ಸಿಮ್‌ಗೆ, ಅಂದರೆ ಆಟದ ಪಾತ್ರಕ್ಕೆ, ತೋಟಗಾರಿಕೆಯಲ್ಲಿ 5ನೇ ಮಟ್ಟ ಬೇಕು. ಸ್ನ್ಯಾಪ್‌ಡ್ರ್ಯಾಗನ್ ಹೂಗಿಡದ ಕಡ್ಡಿಯನ್ನು ಸ್ಟ್ರಾಬೆರಿಗೆ ಕಸಿ ಮಾಡಿದರೆ ಡ್ರ್ಯಾಗನ್‌ಫ್ರೂಟ್ ಸಿಗುತ್ತದೆ; ಅದನ್ನು ಬೇರೆ ಗಿಡವಾಗಿ ಬೆಳೆಸಿ, ಮತ್ತೆ ಸ್ನ್ಯಾಪ್‌ಡ್ರ್ಯಾಗನ್ ಕಸಿ ಕಟ್ಟಿದರೆ ಕೌಬೆರಿ. ಕಸಿ ಗಿಡದ ಫಸಲು ಮಿಶ್ರವಾಗಿರುತ್ತದೆ. ಒಂದು ಕೊಯ್ಲಿನಲ್ಲಿ ಬೇಕಾದ ಹಣ್ಣು ಬರದೆ ಹಳೆಯ ಎರಡು ಬೆಳೆಯೇ ಕೈಗೆ ಬರಬಹುದು. ಇದನ್ನು ಹೇಳದಿದ್ದರೆ ಹೊಸಬರು ‘ಕಸಿ ಕೆಟ್ಟಿತು’ ಎಂದು ಗಿಡ ಕಿತ್ತುಹಾಕುತ್ತಾರೆ. ‘ಸೀಸನ್ಸ್’ ಪ್ಯಾಕ್ ಇದ್ದವರಿಗೆ ಇನ್ನೊಂದು ಎಚ್ಚರಿಕೆ ಬೇಕು: ಬಯಲಲ್ಲಿರುವ ಗಿಡ ತನ್ನ ಋತುವಲ್ಲದಾಗ ಬೆಳೆಯದೆ ಸುಮ್ಮನಿರುತ್ತದೆ. ತಾಯಿಗಿಡಗಳು ಸೂರಿನಡಿ ಇದ್ದರೆ ಆ ತಾಪತ್ರಯವಿಲ್ಲ. ಮೀನು ಹಿಡಿಯುವಾಗಲೂ ಕೌಬೆರಿ ಸಿಗುವುದುಂಟು. ಸಿಕ್ಕರೆ ಅದೃಷ್ಟ, ಅದನ್ನೇ ದಾರಿ ಎಂದು ಬರೆಯಬೇಡಿ.

ಒಂಬತ್ತನೇ ಪ್ಯಾರಾದ ಈ ವಾಕ್ಯ ನೋಡಿ: ‘ಗಿಡಕ್ಕೆ ಸರಿಯಾದ ಸಮಯದಲ್ಲಿ ಆಹಾರ ನೀಡುವುದು ಅತ್ಯಂತ ಮುಖ್ಯ.’ ಸರಿಯಾದ ಸಮಯ ಯಾವುದು? ಕೊಡದಿದ್ದರೆ ಏನಾಗುತ್ತದೆ? ಇದೇ ಮಾತು ಹೀಗಿರಲಿ: ‘ಬಾಗಿಲು ತೆರೆಯುವ ಮೊದಲು ಗಿಡಕ್ಕೆ ಉಣಿಸಿ. ಹಸಿದರೆ ಅದು ನಾಲಿಗೆಯನ್ನು ಕೇಕಿನ ಹಾಗೆ ಚಾಚುತ್ತದೆ. ಕೇಕ್ ಕಂಡ ಗಿರಾಕಿ ನೀವು ಹೇಳದಿದ್ದರೂ ಹೋಗಿ ಕೈಹಾಕುತ್ತಾನೆ. ಮೊದಲ ಸಲ ನುಂಗಿ ಉಗುಳುತ್ತದೆ. ಅವನು ಬಸವಳಿದ ಮೂಡ್ಲೆಟ್ (ಸಿಮ್‌ನ ಮನಸ್ಥಿತಿಯ ಗುರುತು) ಹೊತ್ತು ಎದ್ದು ಬರುತ್ತಾನೆ. ಆ ಮೂಡ್ಲೆಟ್ ಇಳಿಯುವ ಮೊದಲೇ ಮತ್ತೆ ಕೈಹಾಕಿದರೆ ಸಾವು. ಹಾಗೆಂದು ಗಿಡವನ್ನು ಹಸಿವಿನಲ್ಲೇ ಬಿಟ್ಟರೆ ಗಿಡವೇ ಸಾಯುತ್ತದೆ.’ ನಿಮ್ಮ ವಾಕ್ಯಕ್ಕಿಂತ ಉದ್ದವಾಯಿತು, ನಿಜ. ಆದರೆ ಓದಿದವರು ಮಾಡಬಲ್ಲರು. ಗಿರಾಕಿ ಅಂಗಳದಲ್ಲೇ ಸತ್ತರೆ ಸಾವಿನ ದೂತ ಗ್ರಿಮ್ ರೀಪರ್ ಬರುತ್ತಾನೆ, ಕಂಡವರೆಲ್ಲ ಅಳುತ್ತಾ ನಿಲ್ಲುತ್ತಾರೆ, ಆ ದಿನದ ವ್ಯಾಪಾರ ಮುಗಿದಂತೆ. ನೀವು ಇದನ್ನು ‘ಸ್ವಲ್ಪ ಗೊಂದಲ’ ಎಂದಿದ್ದೀರಿ. ಹಾಸ್ಯವಾಗಿದ್ದರೆ ಒಪ್ಪಿದೆವು.

ಪರಿಹಾರ ಬೇಲಿ. ಗಿಡದ ಸುತ್ತ ಎಲ್ಲೂ ಬಿರುಕಿಲ್ಲದ ಬೇಲಿ, ಒಂದು ಗೇಟು, ಗೇಟಿಗೆ ‘ಮನೆಯವರನ್ನು ಬಿಟ್ಟು ಎಲ್ಲರಿಗೂ’ ಎಂಬ ಬೀಗ. ಮಲಗುವ ಕೋಣೆಗೂ ಅದೇ ಬೀಗ ಹಾಕಿಸಿ. ಇಲ್ಲವಾದರೆ ಟಿಕೆಟ್ ಕೊಟ್ಟವನು ಎಲ್ಲಿ ಬೇಕಾದರೂ ನುಗ್ಗುತ್ತಾನೆ. ಬೇಲಿ ಹಾಕಿದ ಮೇಲೆ ಬಂದವರು ಮಾಡುವುದೇನು ಎಂಬ ಪ್ರಶ್ನೆ ಏಳುತ್ತದೆ, ಅದಕ್ಕೆ ನಿಮ್ಮ ಲೇಖನದಲ್ಲಿ ಉತ್ತರವೇ ಇಲ್ಲ. ಗಿರಾಕಿಗಳು ಏನು ಮಾಡಬೇಕು ಎಂಬ ಚಟುವಟಿಕೆಗಳನ್ನು ವ್ಯಾಪಾರದ ಸೆಟ್ಟಿಂಗ್‌ನಲ್ಲಿ ಆರಿಸಬೇಕು, ಆರಿಸಿದ ಪ್ರತಿಯೊಂದಕ್ಕೂ ಬೇಕಾದ ವಸ್ತು ಅಂಗಳದಲ್ಲಿ ಇರಬೇಕು. ಕೂರಲು ಜಾಗ, ತಿನ್ನಲು ಏನಾದರೂ, ಹೊರಗಿನಿಂದಲೇ ಹೋಗಿಬರುವಂಥ ಶೌಚಾಲಯ. ಇವು ಮೂರೂ ಇಲ್ಲದ ಕಡೆ ಯಾವ ಸಿಮ್ಮೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಶುಲ್ಕದ ಲೆಕ್ಕಕ್ಕೂ ಇದೇ ಬುಡ. ಉದಾಹರಣೆಗೆ ಪ್ರವೇಶಕ್ಕೆ 40 ಸಿಮೋಲಿಯನ್ (ಆಟದ ಹಣ), ಅಥವಾ ಗಂಟೆಗೆ 15 ಇಟ್ಟಿರಿ ಎನ್ನಿ. ಗಿರಾಕಿ ಮೂರು ಗಂಟೆ ಕೂತರೆ ಗಂಟೆ ಲೆಕ್ಕದಲ್ಲಿ 45 ಬರುತ್ತದೆ. ಒಂದೇ ಗಂಟೆಗೆ ಎದ್ದು ಹೋದರೆ 15. ಗಿಡ ಬಿಟ್ಟು ಬೇರೇನೂ ಇಲ್ಲದ ಅಂಗಳಕ್ಕೆ ಪ್ರವೇಶ ಶುಲ್ಕವೇ ಲೇಸು, ಕೂರುವಂತೆ ಮಾಡಿದ ಮೇಲೆ ಗಂಟೆ ಲೆಕ್ಕ. ನೀವು ‘ವಾರಕ್ಕೆ 15,000’ ಎಂದು ಬರೆದು ಕೈತೊಳೆದುಕೊಂಡಿದ್ದೀರಿ. ಎಷ್ಟು ಜನ, ಎಷ್ಟು ಹೊತ್ತು, ಯಾವ ದರ, ಕೆಲಸದವರ ಸಂಬಳ ಎಷ್ಟು, ವಾರದ ಬಿಲ್ ಎಷ್ಟು? ಬಿಲ್ ಮನೆಯ ಮತ್ತು ಸಾಮಾನಿನ ಬೆಲೆಗೆ ತಕ್ಕಂತೆ ಏರುತ್ತದೆ. ಗಿರಾಕಿ ಮೆಚ್ಚಲಿ ಎಂದು ತಂದಿಟ್ಟ ಪ್ರತಿ ಅಲಂಕಾರದ ಹೊರೆ ಅದರ ಮೇಲೂ ಬೀಳುತ್ತದೆ. ಜೊತೆಗೆ ಒಂದು ನೇರ ಪ್ರಶ್ನೆ: ಒಬ್ಬ ಸಿಮ್‌ನ ಹೊಸ ಸಂಸಾರ ಶುರುವಾಗುವುದು 20,000ದಿಂದ. ನಿಮ್ಮ ಮೂರನೇ ಚಿತ್ರದಲ್ಲಿರುವ ಬಂಗಲೆ ಆ ದುಡ್ಡಿಗೆ ಏಳುವುದಿಲ್ಲ. ‘ಮದರ್‌ಲೋಡ್’ ಎಂಬ ಚೀಟ್ ಕೋಡ್ ಒತ್ತಿದಾಗಲೆಲ್ಲ 50,000 ಬರುತ್ತದೆ. ಒತ್ತಿದ್ದರೆ ತಪ್ಪೇನಿಲ್ಲ, ಒತ್ತಿದ್ದೇವೆ ಎಂದು ಬರೆಯಿರಿ.

ಸಮಯದ ಬಗ್ಗೆ ಒಂದು ಮಾತೂ ಇಲ್ಲ. ಸಾಮಾನ್ಯ ವೇಗದಲ್ಲಿ ಆಟದ ಒಂದು ನಿಮಿಷ ನಮ್ಮ ಒಂದು ಸೆಕೆಂಡ್. ಬೆಳಗ್ಗೆ 10ರಿಂದ ಸಂಜೆ 6ರವರೆಗೆ ಬಾಗಿಲು ತೆರೆದಿಟ್ಟರೆ ನಿಮಗೆ ಸಿಗುವುದು ಬರೀ 8 ನಿಮಿಷ. ಅಷ್ಟರಲ್ಲಿ ಒಬ್ಬಳೇ ಮಾಲಕಿ ಗಿಡಕ್ಕೆ ಉಣಿಸಿ, ಬಂದವರನ್ನು ಮಾತಾಡಿಸಿ, ತಟ್ಟೆ ಎತ್ತಿ, ತಾನೂ ಉಣ್ಣಬೇಕು. ಕೆಲಸದ ಸಾಲು ಬೆಳೆದು ಉಣಿಸುವ ಸರದಿ ಕೊನೆಗೆ ಬಿದ್ದರೆ ಮತ್ತದೇ ಕೇಕು. ಅದಕ್ಕೇ ಗಿಡದ ಕೆಲಸ ಬೆಳಗ್ಗೆಯೇ ಮುಗಿಯಬೇಕು. ಮನೆಯಲ್ಲಿ ಇನ್ನೊಬ್ಬರಿದ್ದರೆ ಗಿಡವನ್ನು ಅವರಿಗೇ ಒಪ್ಪಿಸುವುದು ಉತ್ತಮ.

ವ್ಯಾಪಾರ ನಡೆಸುವ ಡ್ರೀಮರ್ (ಕನಸುಗಾರ), ಸ್ಕೀಮರ್ (ಸಂಚುಗಾರ) ಎಂಬ ಎರಡು ದಾರಿಗಳನ್ನು ಹೆಸರಿಸಿ ಬಿಟ್ಟಿದ್ದೀರಿ. ಗಿರಾಕಿಯೊಂದಿಗೆ ಯಾವ ನಡವಳಿಕೆ ಆರಿಸಿದಾಗ ನಿಮ್ಮ ವ್ಯಾಪಾರ ಯಾವ ಕಡೆ ವಾಲಿತು ಎಂದು ನಿಮ್ಮ ಸೇವ್‌ನಿಂದಲೇ, ಅಂದರೆ ಉಳಿಸಿಟ್ಟ ಆಟದಿಂದಲೇ, ನೋಡಿ ಬರೆಯಿರಿ, ಇಲ್ಲವೇ ಆ ಪ್ಯಾರಾ ತೆಗೆಯಿರಿ.

ತಿದ್ದಿ ಕಳಿಸುವಾಗ ಮದರ್‌ಲೋಡ್ ಒತ್ತದೆ ಹೊಸ ಸೇವ್‌ನಲ್ಲಿ ಒಂದು ವಾರ ವ್ಯಾಪಾರ ನಡೆಸಿ, ದಿನದ ಜಮಾಖರ್ಚು ಬರೆದಿಟ್ಟುಕೊಳ್ಳಿ. ಪ್ರತಿ ಸಲ ಬಾಗಿಲು ತೆರೆಯುವ ಮುಂಚೆ ಬೇರೆ ಹೆಸರಲ್ಲಿ ಸೇವ್ ಮಾಡಿದ್ದರೆ, ಎಡವಟ್ಟಾದ ದಿನವನ್ನೂ ಮತ್ತೆ ತೆರೆದು ನೋಡಿ ಬರೆಯಬಹುದು. ಚಿತ್ರಗಳು ಮೂರು ಸಾಕು: ಬೇಲಿ ಮೇಲಿನಿಂದ ಕಾಣುವಂತೆ ಒಂದು, ಶುಲ್ಕದ ಸೆಟ್ಟಿಂಗ್ ಒಂದು, ಕೇಕ್ ಚಾಚಿದ ಗಿಡ ಒಂದು. ವಾರದ ಕೊನೆಗೆ ನಷ್ಟವೇ ಬಂದಿದ್ದರೂ ಆ ಅಂಕಿಯನ್ನೇ ಕಳಿಸಿ, ನಾವು ಹಾಕುತ್ತೇವೆ. ಶೀರ್ಷಿಕೆಯ ‘ಲಕ್ಷಾಧೀಶ’ ಮಾತ್ರ ಬೇಡ.

ಇಂತಿ,
ಸಂಪಾದಕರು