ಬಾರದವರಿಗೆ ಆಸಕ್ತಿ ಇಲ್ಲವೆಂದೇ ಅರ್ಥವೆ?

ಪ್ರಶ್ನೆ: ನಮ್ಮ ಸಂಘದ ವತಿಯಿಂದ ದಿನವೂ ಬೆಳಗ್ಗೆ ಆರು ಗಂಟೆಗೆ ಉಚಿತ ವ್ಯಾಯಾಮ ತರಗತಿ ನಡೆಸುತ್ತಿದ್ದೇವೆ. ಬರುವವರೆಲ್ಲ ಮೊದಲಿನಿಂದಲೂ ವಾಕಿಂಗ್ ರೂಢಿ ಇರುವವರೇ. ಗೃಹಿಣಿಯರು, ವಯಸ್ಸಾದವರು, ಅಂಗವೈಕಲ್ಯ ಇರುವವರು ಎಷ್ಟು ಕರೆದರೂ ಬರುತ್ತಿಲ್ಲ. ಅವರಿಗೆ ಆಸಕ್ತಿ ಇಲ್ಲವೆಂದು ಸುಮ್ಮನಾಗಬೇಕೆ?

ಉತ್ತರ: ಸುಮ್ಮನಾಗುವ ಮುನ್ನ ನಿಮ್ಮ ತರಗತಿಯ ವೇಳೆಯನ್ನೊಮ್ಮೆ ನೋಡಿ. ಬೆಳಗಿನ ಆರು ಗಂಟೆ ಎಂದರೆ ಅಡುಗೆ, ಮಕ್ಕಳ ಶಾಲೆಯ ಸಿದ್ಧತೆ, ಹಿರಿಯರ ಆರೈಕೆ ಎಲ್ಲವೂ ಒಟ್ಟಿಗೆ ತಲೆಯ ಮೇಲೆ ಬೀಳುವ ಹೊತ್ತು. ಅದನ್ನು ಗೊತ್ತು ಮಾಡಿದವರು ಬಹುಶಃ ಆ ಹೊತ್ತಿನಲ್ಲಿ ಬಿಡುವಿರುವವರೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇ 31ರಷ್ಟು ಮಂದಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಈ ಪ್ರಮಾಣ ಶೇ 29 ಇದ್ದರೆ ಹೆಂಗಸರಲ್ಲಿ ಶೇ 34. ಈ ಅಂತರಕ್ಕೆ ಸೋಮಾರಿತನ ಕಾರಣವೆನ್ನುವುದನ್ನು ನಾನಂತೂ ಒಪ್ಪಲಾರೆ. ಬಿಡುವಿಲ್ಲ, ನಿರ್ಭಯವಾಗಿ ಓಡಾಡಲು ಜಾಗವಿಲ್ಲ, ಜೊತೆಗೆ ಬರುವವರಿಲ್ಲ, ನೋಡಿದವರು ಏನೆಂದುಕೊಳ್ಳುವರೋ ಎಂಬ ಅಳುಕು ಬೇರೆ.

ದಿನಚರಿಯ ಪ್ರಭಾವ ಎಷ್ಟೆಂಬುದಕ್ಕೆ ಹಳೆಯದೊಂದು ನಿದರ್ಶನವಿದೆ. ಲಂಡನ್ನಿನ ಬಸ್ಸುಗಳಲ್ಲಿ ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ, ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆ ಎಂಬುದನ್ನು ಬ್ರಿಟನ್ನಿನ ವೈದ್ಯ ಸಂಶೋಧಕ ಜೆರ‍್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದರು. (ಚಾಲಕರ ಸಮವಸ್ತ್ರದ ಸೊಂಟದಳತೆ ಮೊದಲಿನಿಂದಲೂ ದೊಡ್ಡದೆಂದು ಮಾರಿಸ್ ತಂಡವೇ ಮುಂದೆ ತೋರಿಸಿದ್ದರಿಂದ, ಎಲ್ಲ ಶ್ರೇಯಸ್ಸನ್ನೂ ಮೆಟ್ಟಿಲಿಗೇ ಕೊಡುವಂತಿಲ್ಲ.) ಆ ನಿರ್ವಾಹಕರಿಗೆ ವ್ಯಾಯಾಮ ಮಾಡಿರೆಂದು ಯಾರೂ ಉಪದೇಶಿಸಿರಲಿಲ್ಲ, ಅವರ ಕೆಲಸವೇ ಹಾಗಿತ್ತು. ಆದ್ದರಿಂದ ಕರಪತ್ರ ಹಂಚುವುದಕ್ಕಿಂತ, ಬಾರದವರ ಮನೆಗೇ ಹೋಗಿ ಯಾವ ಹೊತ್ತು, ಯಾವ ಜಾಗ, ಯಾರ ಜೊತೆ ಅನುಕೂಲವೆಂದು ಕೇಳುವುದು ಮೇಲು. ಮಧ್ಯಾಹ್ನ ಮೂರಕ್ಕೆ ಹೆಂಗಸರೇ ನಡೆಸುವ ತರಗತಿಯೊಂದಿದ್ದರೆ, ಪಕ್ಕದಲ್ಲಿ ಮಕ್ಕಳನ್ನು ನೋಡಿಕೊಳ್ಳುವವರೂ ಇದ್ದರೆ, ಉತ್ತರ ಬೇರೆಯೇ ಬಂದೀತು.

ವಯಸ್ಸಾದವರನ್ನು ತಡೆಯುವುದು ಹೆಚ್ಚಾಗಿ ಬೀಳುವ ಭಯ. ವಿಚಿತ್ರವೆಂದರೆ, ಭಯದಿಂದ ಕುಳಿತಷ್ಟೂ ಕಾಲಿನ ಬಲ ಕುಂದಿ ಬೀಳುವ ಸಂಭವ ಹೆಚ್ಚುತ್ತದೆ. ಅವರಿಗೆ ಮೈದಾನಕ್ಕಿಂತ ಮೊದಲು ಬೇಕಾದುದು ಒಂದು ಗಟ್ಟಿ ಕುರ್ಚಿ. ಜಾರದಂತೆ ಅದನ್ನು ಗೋಡೆಗೆ ಒತ್ತಿ ಇಡಿ. ಅಂಚಿಗೆ ಬಂದು ಕುಳಿತು, ಪಾದಗಳನ್ನು ನೆಲಕ್ಕೂರಿ, ಸ್ವಲ್ಪ ಮುಂದಕ್ಕೆ ಬಾಗಿ ನಿಧಾನವಾಗಿ ಎದ್ದು ನಿಲ್ಲಲಿ, ಅಷ್ಟೇ ನಿಧಾನವಾಗಿ ಕುಳಿತುಕೊಳ್ಳಲಿ. ಮೊದಲು ಕೈಯೂರಿಯೇ ಏಳಲಿ, ಪಕ್ಕದಲ್ಲಿ ಒಬ್ಬರಿರಲಿ. ನಾಲ್ಕೈದು ಸಲದಿಂದ ಆರಂಭಿಸಿ ಹೆಚ್ಚಿಸುತ್ತಾ ಹೋಗಬಹುದು. ಎದೆನೋವು, ತಲೆಸುತ್ತು ಇರುವವರು ವೈದ್ಯರನ್ನು ಕಂಡ ನಂತರವೇ ತೊಡಗಬೇಕು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನಕ್ಕೂ ಬಲಕ್ಕೂ ಒತ್ತು ಕೊಡುವ ವ್ಯಾಯಾಮ ಮಾಡುವುದು ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೊರಗೆ ನಡೆಸುವುದಾದರೆ ಸಮತಟ್ಟಾದ ದಾರಿ, ನಡುನಡುವೆ ಕೂರಲು ಬೆಂಚು, ಹತ್ತಿರದಲ್ಲೊಂದು ಶೌಚಾಲಯ ಇರಬೇಕು. ಇದಿಲ್ಲವೆಂದೇ ಎಷ್ಟೋ ಮಂದಿ ಹೊರಡುವುದಿಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ.

ಅಂಗವೈಕಲ್ಯ ಇರುವವರನ್ನು ಕರೆಯುವುದಕ್ಕೆ ಮೊದಲು ಅವರಲ್ಲಿ ಒಬ್ಬಿಬ್ಬರನ್ನು ಸಂಘದ ಯೋಜನೆಯಲ್ಲೇ ಸೇರಿಸಿಕೊಳ್ಳಿ. ಯಾವ ಮೆಟ್ಟಿಲು ಅಡ್ಡ, ಕುಳಿತೇ ಏನೇನು ಮಾಡಬಹುದು ಎಂಬುದನ್ನು ಅವರಷ್ಟು ಚೆನ್ನಾಗಿ ನಾವು ಊಹಿಸಲಾರೆವು.

ಪ್ರಶ್ನೆ: ದಿನವಿಡೀ ಮನೆಗೆಲಸ ಮಾಡುವವರಿಗೆ ಬೇರೆ ವ್ಯಾಯಾಮ ಏಕೆ?

ಉತ್ತರ: ಮನೆಗೆಲಸವೂ ಲೆಕ್ಕಕ್ಕೆ ಬರುತ್ತದೆ. ಮಾತನಾಡಲು ಸಾಧ್ಯ, ಹಾಡಲು ಮಾತ್ರ ಉಸಿರು ಸಾಲದು ಎನ್ನುವಷ್ಟು ಶ್ರಮವಾದರೆ ಅದು ಮಧ್ಯಮ ಮಟ್ಟದ ಚಟುವಟಿಕೆ. ವಯಸ್ಕರಿಗೆ ಇದು ವಾರಕ್ಕೆ 150ರಿಂದ 300 ನಿಮಿಷ ಬೇಕು. ಒಮ್ಮೆಗೆ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ನಿಯಮ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ಇಲ್ಲ. ಆದರೆ ಒಲೆಯ ಮುಂದೆ ತಾಸುಗಟ್ಟಲೆ ನಿಂತರೆ ಬರುವುದು ದಣಿವು, ಬಲವಲ್ಲ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಪ್ರತ್ಯೇಕ ವ್ಯಾಯಾಮ ಬೇಕು, ಮತ್ತು ಆ ಅರ್ಧ ಗಂಟೆ ಅಡುಗೆಮನೆಯನ್ನು ಮನೆಯ ಬೇರೆಯವರು ನೋಡಿಕೊಳ್ಳಬೇಕು.